ಅಪ್‌ಡೇಟ್: ಅಪ್ಪಾರು ಈಗ ಕೋಲು ಹಿಡಿದು ಆರಾಮ ನಡೀತಾರ

ಬಲ ಮೊಣಕಾಲಿನ ಆಪರೇಷನ್ ಆದಮ್ಯಾಲೆ ಅಪ್ಪಾರು ಕೋಲು ಹಿಡಿದ್ರೂ ಜೋಲಿ ಹೊಡೀತಾರ, ಏನು ಮಾಡಬೇಕು ಅಂತ ಹಿಂದ ಇಲ್ಲಿ ಕೇಳಿದ್ನೆಲ್ಲ, ಈಗ ಅಡ್ಡಿಯಿಲ್ಲರಿ. ಕೆಲಸಕ್ಕ ಬಂದದ್ದು "ಕೋಲು ಎಡಗೈಗೆ ಕೊಡ್ರಿ" ಅಂತ ಉತ್ತರ ಕೊಟ್ಟ ಒಬ್ಬ ಅಕ್ಕಾರ ಮಾತು. ಕೋಲು, ಬಲಗಾಲು ಕೂಡೇ ಮುಂದ, ಆಮ್ಯಾಲೆ ಎಡಗಾಲು. ಚಪ್ಪಲಿ ಹಾಕಿಸಿ ನಿಲ್ಲಿಸಿ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರಿಗೆ ಹಿಡಿಕಿ ಬರೂಹಂಗ ಎತ್ತರಾನೂ ಇಳಿಸಿದ್ವಿ.

ನಾಲ್ಕು ಕಾಲಿನ ಕೋಲು ಮಾತ್ರ ನಮಗ ಒಗ್ಗಲಿಲ್ಲ. ವಿಜಯಪುರದಾಗಿನ ನಮ್ಮ ಹಳೇ ಮನಿ ಫರಸಿ ಏರುತಗ್ಗು, ಒಂದು ಕಾಲು ಎದ್ದೇ ಇರತಿತ್ತು.

ಹೊಸದಾಗಿ ಗೊತ್ತಾದದ್ದು: ಜೋಡಿ ನಡೆಯೋರು ತೋಳು ಹಿಡಿದು ಎಳೀಬಾರದಂತ, ನೋವಿನ ಕಾಲಿನ ಕಡೆ ಒಂಚೂರು ಹಿಂದ ನಿಲ್ಲಬೇಕಂತ. ಮೆಟ್ಟಿಲು ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತ ನೋವಿನ ಕಾಲು. ಕೋಲಿನ ತುದಿ ರಬ್ಬರ್ ಸವೆದಿದ್ರ ಬದಲಿಸ್ರಿ, ಬಚ್ಚಲದಾಗ ಭಾಳ ಜಾರತದ.