ಮಾಸ್ಟೊಡಾನ್: ಸರ್ವರ್ ಬದಲಿಸಿದೆ, ಹಿಂಬಾಲಕರು ಬರುತ್ತಿಲ್ಲ

ಪ್ರಶ್ನೆ:
ಬೇರೆ ಬೇರೆ ಜನ ನಡೆಸುವ ಸರ್ವರ್‌ಗಳು ಬೆಸೆದುಕೊಂಡ ಸಾಮಾಜಿಕ ಜಾಲವಾದ ಮಾಸ್ಟೊಡಾನ್‌ನಲ್ಲಿ ನಾನಿರುವ ಸಣ್ಣ ಸರ್ವರ್ ಈ ತಿಂಗಳ ಕೊನೆಗೆ ಮುಚ್ಚುತ್ತದೆಯಂತೆ. ಬೇರೊಂದು ಸರ್ವರ್‌ನಲ್ಲಿ ಖಾತೆ ತೆರೆದು, ಹಳೆಯದರಿಂದ ಇಳಿಸಿಕೊಂಡ ಸಿಎಸ್‌ವಿ ಕಡತವನ್ನು (ಪಟ್ಟಿಯ ರೂಪದ ಸಾದಾ ಪಠ್ಯ ಕಡತ) ಅಲ್ಲಿಗೆ ಏರಿಸಿದೆ. ನಾನು ಹಿಂಬಾಲಿಸುತ್ತಿದ್ದವರೆಲ್ಲ ಸಿಕ್ಕರು, ನನ್ನನ್ನು ಹಿಂಬಾಲಿಸುವವರು ಮಾತ್ರ ಸೊನ್ನೆ. ಹಳೆಯ ಖಾತೆಯಲ್ಲಿ ಸ್ಥಳಾಂತರ ಒತ್ತಿದರೆ, ಹೊಸ ಖಾತೆಯಲ್ಲಿ ಇದರ ಉಲ್ಲೇಖವಿಲ್ಲ ಎಂಬರ್ಥದ ದೋಷ ಬರುತ್ತದೆ. ಕಾಡುಗಿಡಗಳ ಬಗ್ಗೆ ಬರೆದ ಪೋಸ್ಟ್‌ಗಳೂ ಅಲ್ಲೇ ಉಳಿದಿವೆ. ಏನು ಮಾಡಲಿ?

ಉತ್ತರ:
ಮೊದಲಿಗೆ, ಹಳೆಯ ಖಾತೆಯನ್ನು ದಯವಿಟ್ಟು ಅಳಿಸಬೇಡಿ. ಹಿಂಬಾಲಕರನ್ನು ಕರೆತರುವ ಶಕ್ತಿ ಇರುವುದು ಅದಕ್ಕೊಂದಕ್ಕೇ.

ಸಿಎಸ್‌ವಿಯಲ್ಲಿ ಬರುವುದು ನೀವು ಹಿಂಬಾಲಿಸಿದವರು, ತಡೆದವರು, ಪಟ್ಟಿಗಳು, ಬುಕ್‌ಮಾರ್ಕ್‌ಗಳು, ಇಂಥವಷ್ಟೇ. ಹಿಂಬಾಲಕರ ದಾರಿ ಬೇರೆ. ಹಳೆಯ ಸರ್ವರ್ ಅವರವರ ಸರ್ವರ್‌ಗಳಿಗೆ ‘ಇವರು ಮನೆ ಬದಲಿಸಿದ್ದಾರೆ’ ಎಂಬ ಸಂದೇಶ ಕಳಿಸುತ್ತದೆ. ಹೊಸ ಖಾತೆಯೂ ಹಳೆಯದನ್ನು ತನ್ನದೆಂದು ಒಪ್ಪಿಕೊಂಡಿದ್ದರೆ ಮಾತ್ರ ಆ ಸಂದೇಶಕ್ಕೆ ಬೆಲೆ. ಇಲ್ಲವಾದರೆ ಯಾರು ಯಾರ ಹಿಂಬಾಲಕರನ್ನಾದರೂ ಕದಿಯಬಹುದಿತ್ತು.

ಆದ್ದರಿಂದ ಹೊಸ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ, ಬೇರೆ ಖಾತೆಯಿಂದ ಬರುವವರಿಗೆಂದು ಇರುವ ಜಾಗದಲ್ಲಿ ಹಳೆಯ ವಿಳಾಸ ಸೇರಿಸಿ. ಬಳಕೆದಾರ ಹೆಸರಷ್ಟೇ ಸಾಲದು, ಸರ್ವರ್ ಹೆಸರೂ ಬೇಕು. ಅನೇಕರು ಇದನ್ನು ಹಳೆಯ ಖಾತೆಯಲ್ಲಿ ಮಾಡಿ, ಕೆಲಸವಾಗಲಿಲ್ಲವೆಂದು ಪರದಾಡುತ್ತಾರೆ. ಆಮೇಲೆ ಹಳೆಯ ಖಾತೆಗೆ ಮರಳಿ, ಹೊಸ ವಿಳಾಸ ಮತ್ತು ಹಳೆಯ ಪಾಸ್‌ವರ್ಡ್ ಕೊಟ್ಟು ಸ್ಥಳಾಂತರ ಒತ್ತಿ. ಒತ್ತುವ ಮುನ್ನ ಪ್ರತಿ ಅಕ್ಷರ ನೋಡಿಕೊಳ್ಳಿ, 30 ದಿನ ಮತ್ತೆ ಸ್ಥಳಾಂತರ ಮಾಡಲಾಗದು.

ಪೋಸ್ಟ್‌ಗಳು ಬರುವುದಿಲ್ಲ. ಇದು ಮಾಸ್ಟೊಡಾನ್‌ನ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಹಳೆಯ ಖಾತೆಯಲ್ಲಿ ಪೋಸ್ಟ್‌ಗಳ ಸಂಗ್ರಹ ಕಡತವನ್ನು ಇಂದೇ ಕೋರಿ, 7 ದಿನಕ್ಕೊಮ್ಮೆ ಮಾತ್ರ ಕೊಡುತ್ತಾರೆ. ಅದನ್ನು ಹೊಸ ಖಾತೆಗೆ ಏರಿಸಲಾಗದಿದ್ದರೂ ನಿಮ್ಮ ಬರಹ, ಚಿತ್ರಗಳು ಕೈಯಲ್ಲಿ ಉಳಿಯುತ್ತವೆ.

ಪ್ರಶ್ನೆ ಕೇಳಿದವರು:
ದೋಷ ಹೋಯಿತು, ಜನ ಬರುತ್ತಿದ್ದಾರೆ, ಧನ್ಯವಾದ. ಆದರೆ ಕೆಲವರು ಇನ್ನೂ ಬಂದಿಲ್ಲ. ಈ ಹೊಸ ಸರ್ವರ್ ಆದರೂ ಬಾಳುತ್ತದೆಯೇ?

ಉತ್ತರ:
ದೊಡ್ಡ ಪಟ್ಟಿಯಾದರೆ ಸರದಿ ಮುಗಿಯಲು ಹೊತ್ತು ಹಿಡಿಯುತ್ತದೆ. ಹೊಸ ಖಾತೆಗೆ ಅನುಮೋದನೆಯ ಬೀಗ ಹಾಕಿದ್ದರೆ ಕೋರಿಕೆಗಳು ಅಲ್ಲೇ ಕಾಯುತ್ತಿರಬಹುದು, ನೋಡಿ. ನಿಮ್ಮ ಹೊಸ ಸರ್ವರನ್ನೇ ತಡೆದಿರುವ ಸರ್ವರ್‌ಗಳವರು ಬರಲಾರರು.

ಬಾಳಿಕೆ ತಿಳಿಯಲು ಸರ್ವರ್‌ನ ‘ಬಗ್ಗೆ’ (About) ಪುಟ ಓದಿ: ನಡೆಸುವವರು ಯಾರು, ಖರ್ಚು ಎಲ್ಲಿಂದ, ಯಾವ ಸರ್ವರ್‌ಗಳನ್ನು ತಡೆದಿದ್ದಾರೆ. ಮಾಸ್ಟೊಡಾನ್‌ನ ಅಧಿಕೃತ ತಾಣವಾದ ಜಾಯಿನ್‌ಮಾಸ್ಟೊಡಾನ್‌ನ ಸರ್ವರ್ ಪಟ್ಟಿಯಲ್ಲಿರುವವರು ದಿನವೂ ಬ್ಯಾಕಪ್ ತೆಗೆಯಲು, ಮುಚ್ಚುವುದಾದರೆ ಕನಿಷ್ಠ 3 ತಿಂಗಳು ಮುಂಚೆ ತಿಳಿಸಲು ಒಪ್ಪಿದವರು. ಡೊಮೇನ್‌ನ, ಅಂದರೆ ಸರ್ವರ್‌ನ ಜಾಲವಿಳಾಸದ, ಕೊನೆಯ ಅಕ್ಷರಗಳನ್ನೂ ಗಮನಿಸಿ; ಅವು ಒಂದು ದೇಶದ ಹಿಡಿತದಲ್ಲಿರಬಹುದು, ‘ಎಎಫ್’ ಅಫ್ಘಾನಿಸ್ತಾನದ್ದು. 2024ರ ಫೆಬ್ರುವರಿಯಲ್ಲಿ ಕ್ವಿಯರ್ ಡಾಟ್ ಎಎಫ್ ಎಂಬ ಸರ್ವರ್‌ನ ಡೊಮೇನನ್ನು ಅಫ್ಘಾನಿಸ್ತಾನದ ಆಡಳಿತ ಕಿತ್ತುಕೊಂಡಿತು. ಡೊಮೇನ್ ಹೋದರೆ ಯಂತ್ರ ಸರಿಯಿದ್ದರೂ ಸ್ಥಳಾಂತರದ ಸಂದೇಶ ಹೊರಡದು. ನೀವು ಹಿಂಬಾಲಿಸುತ್ತಿರುವವರ ಸಿಎಸ್‌ವಿಯನ್ನು ಆಗಾಗ ಇಳಿಸಿಟ್ಟುಕೊಳ್ಳಿ.