ಪದಚರ್ಚೆ: ಹೆಡ್‌ಲೈಟಿಗೆ ‘ವಾಟ’ ಕೊಡಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಹುಡುಕುತ್ತಿದ್ದೆ. ಸಿಕ್ಕಿದೆ ಅಂತ ಅನಿಸುತ್ತಿದೆ. ಆದರೆ ಅದು ಗಾರೆ ಕೆಲಸದವರ ಪದ, ನನಗೆ ಬೇಕಾಗಿರುವುದು ಕಾರಿನ ಹೆಡ್‌ಲೈಟಿನ ಬೆಳಕು ಸರಿಯಾದ ಕಡೆ ಬೀಳುವ ಹಾಗೆ ಬಗ್ಗಿಸುವ ಕೆಲಸಕ್ಕೆ. ಒಪ್ಪುತ್ತದೋ ಇಲ್ಲವೋ ನೀವು ಹೇಳಬೇಕು. ಸ್ವಲ್ಪ ಉದ್ದ ಕತೆ, ಸಹಿಸಿಕೊಳ್ಳಿ.

ನಾನಿರುವುದು ಮಂಡ್ಯದಲ್ಲಿ. ನನ್ನ ಭಾವಮೈದ ಪಾಂಡವಪುರದ ಹತ್ತಿರದ ಒಂದು ಹಳ್ಳಿಯಲ್ಲಿದ್ದಾನೆ. ಅವನದೊಂದು ಹಳೆಯ ಕಾರು. ಅದರ ಬಲಗಡೆಯ ಹೆಡ್‌ಲೈಟ್ ಹೋಯಿತು. ಕಬ್ಬು ಕಡಿಯುವ ಕಾಲ ಬೇರೆ. ರಾತ್ರಿ ಹೊತ್ತು ಹಿಂದೆ ದೀಪವೇ ಇಲ್ಲದ ಕಬ್ಬಿನ ಗಾಡಿ, ಟ್ರ್ಯಾಕ್ಟರು ದಾರಿಯುದ್ದಕ್ಕೂ ಸಿಗುತ್ತವೆ. ‘ಒಂಟಿಗಣ್ಣಲ್ಲಿ ಓಡಿಸಬೇಡ ಕಣಪ್ಪ, ಬಲ್ಬ್ ತಂದು ನೀನೇ ಹಾಕ್ಕೊ, ಹತ್ತು ನಿಮಿಷದ ಕೆಲಸ’ ಅಂದೆ. ಫೋನಿನಲ್ಲಿ ಹೇಳಿಕೊಡಲು ಹೋದೆ. ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ಪ್ರತಿ ಹೆಜ್ಜೆಗೂ ಒಂದೊಂದು ಪದ ಅಡ್ಡ ಬಂತು.

ಮೊದಲ ಎಡವಟ್ಟು ಅಂಗಡಿಯಲ್ಲೇ ಆಯಿತು. ಅವನು ಹೋಗಿ ‘ಹೆಡ್‌ಲೈಟ್ ಫ್ಯೂಸ್ ಹೋಗಿದೆ’ ಅಂದ. ಅವರು ಫ್ಯೂಸನ್ನೇ ಕೊಟ್ಟು ಕಳಿಸಿದರು. ತಪ್ಪು ಯಾರದೂ ಅಲ್ಲ. ಮನೆಯ ಬಲ್ಬ್ ಸುಟ್ಟರೂ ನಾವು ‘ಫ್ಯೂಸ್ ಹೋಯಿತು’ ಅಂತಲೇ ಹೇಳುವುದು. ಕಾರಿನಲ್ಲಿ ಹೆಡ್‌ಲೈಟಿಗೆ ನಿಜವಾದ ಫ್ಯೂಸೂ ಇರುತ್ತದೆ. ಒಂದೇ ದೀಪ ಹೋದರೆ ಹೆಚ್ಚಾಗಿ ಬಲ್ಬು. ಎರಡೂ ಒಟ್ಟಿಗೆ ಹೋದರೆ ಫ್ಯೂಸೋ ರಿಲೇಯೋ ಸ್ವಿಚ್ಚೋ ನೋಡಬೇಕು. ಇಲ್ಲಿ ‘ಬಲ್ಬ್ ಸುಟ್ಟಿದೆ’ ಅನ್ನುವುದೇ ಸರಿ. ‘ತಂತಿ ಕಡಿದಿದೆ’ ಇನ್ನೂ ನಿಖರ, ಗಾಜಿನೊಳಗೆ ಕಡಿದ ಎಳೆ ಕಣ್ಣಿಗೇ ಕಾಣುತ್ತದೆ. ಆದರೆ ತಂತಿ ಕಡಿದಿದೆ ಅಂದರೆ ನಮ್ಮ ಹಳ್ಳಿಗಳಲ್ಲಿ ಲೈನ್‌ಮನ್‌ಗೆ ಫೋನ್ ಮಾಡುತ್ತಾರೆ!

ಸಾಕಾಗಿ, ಒಂದು ಪುಟದ ಚೀಟಿ ಬರೆಯಲು ಕೂತೆ. ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಎಲ್ಲರಿಗೂ ಆಗುತ್ತದೆ ಅಂತ. ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ: ಓದಿದವರು ಮತ್ತೆ ನನಗೆ ಫೋನ್ ಮಾಡಬಾರದು.

ವಸ್ತುಗಳ ಹೆಸರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಹೆಡ್‌ಲೈಟ್ ಹೆಡ್‌ಲೈಟೇ. ‘ಮುಂದೀಪ’ ಕಿವಿಗೆ ಇಂಪಾಗಿದೆ, ಆದರೆ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೆ ಪೂಜೆ ಸಾಮಾನಿನ ಅಂಗಡಿಗೆ ದಾರಿ ತೋರಿಸುತ್ತಾರೆ. ಬಲ್ಬಿಗೆ ‘ಬುರುಡೆ’ ಅಂತ ನಮ್ಮ ತಂದೆ ಅನ್ನುತ್ತಿದ್ದರು. ಹೆಡ್‌ಲೈಟ್ ಬಲ್ಬನ್ನು ಆ ದಾರಿಯಲ್ಲಿ ಕನ್ನಡಕ್ಕೆ ತರಲು ಹೋದೆ, ‘ತಲೆಬುರುಡೆ’ ಆಯಿತು. ಅಲ್ಲಿಗೇ ಪೆನ್ನು ಕೆಳಗಿಟ್ಟೆ. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು 1902ರಲ್ಲಿ. ಅಂದಿನಿಂದ ಬಲ್ಬು, ವೈರು, ಸ್ವಿಚ್ಚು ಎಲ್ಲವೂ ಒಂದೊಂದು ಉಕಾರ ತಗಲಿಸಿಕೊಂಡು ನಮ್ಮ ಮನೆಯವೇ ಆಗಿಬಿಟ್ಟಿವೆ. ಈಗ ಅವನ್ನು ಹೊರಗೆ ಕಳಿಸಲು ನನಗಂತೂ ಮನಸ್ಸಿಲ್ಲ. ಸ್ಕ್ರೂಗೆ ಮಾತ್ರ ‘ತಿರುಪು’ ಅಂತ ಬರೆದೆ. ಓಲೆ ಹಾಕುವ ಹೆಂಗಸರಿರುವ ಮನೆಯಲ್ಲಿ ತಿರುಪು ಯಾರಿಗೂ ಹೊಸದಲ್ಲ.

ಕೆಲಸದ ಪದಗಳ ವಿಷಯ ಬೇರೆ. ಅಲ್ಲಿ ಕನ್ನಡ ತಾನಾಗಿಯೇ ಬಂತು. ‘ದೀಪ ಆರಿಸಿ, ಬಲ್ಬ್ ತಣ್ಣಗಾಗಲಿ. ಹಿಂದಿನ ಮೂರು ಪಿನ್ನಿನ ಸಾಕೆಟ್ ಎಳೆಯಿರಿ. ರಬ್ಬರ್ ಟೋಪಿ ಬಿಡಿಸಿ. ತಂತಿ ಕ್ಲಿಪ್ಪನ್ನು ಒತ್ತಿ ಪಕ್ಕಕ್ಕೆ ಸರಿಸಿ. ಹಳೆಯ ಬಲ್ಬ್ ತೆಗೆದು ಹೊಸದನ್ನು ಕೂರಿಸಿ.’ ಈ ‘ಕೂರಿಸು’ ಎಷ್ಟು ಒಳ್ಳೆಯ ಪದ ನೋಡಿ. ಗೌರಿ ಕೂರಿಸುತ್ತೇವೆ, ಗಣಪತಿ ಕೂರಿಸುತ್ತೇವೆ, ದಸರೆ ಬಂದರೆ ಗೊಂಬೆ ಕೂರಿಸುತ್ತೇವೆ. ಜಾಗ ನೋಡಿ, ಮುಖ ಯಾವ ಕಡೆ ಅಂತ ನೋಡಿ, ಅಲುಗಾಡದಂತೆ ಇಡುವ ಕೆಲಸ ಅದು. ಭಾವಮೈದನ ಕಾರಿಗೆ ಹಾಕುವ ಎಚ್4 ಬಲ್ಬಿನ ಬುಡದಲ್ಲಿ ಮೂರು ಕಿವಿಗಳಿವೆ, ಮೇಲಿನದು ಅಗಲ. ಒಂದೇ ರೀತಿಯಲ್ಲಿ ಕೂರುತ್ತದೆ. ಓರೆಯಾಗಿ ಕೂತರೆ ಬೆಳಕು ಎಲ್ಲೆಲ್ಲೋ ಚೆಲ್ಲುತ್ತದೆ. ‘ಫಿಟ್ ಮಾಡು’ ಅಂದರೆ ಇಷ್ಟೆಲ್ಲ ಬರುವುದಿಲ್ಲ, ಅಲ್ವಾ?

ಇನ್ನೊಂದು ಪದ ನಮ್ಮ ಅಮ್ಮ ಕೊಟ್ಟದ್ದು. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಜಾಸ್ತಿ ಕಾಯುತ್ತದೆ, ಬಲ್ಬ್ ಬೇಗ ಹೋಗುತ್ತದೆ. ಇದನ್ನು ಮೂರು ವಾಕ್ಯದಲ್ಲಿ ಬರೆದು ಜೋರಾಗಿ ಓದುತ್ತಿದ್ದೆ. ಅಮ್ಮ ಒಳಗಿನಿಂದಲೇ ‘ಅಂದ್ರೆ ಅದು ಮಡೀಲಿದೆ ಅನ್ನು’ ಅಂದರು. ಚೀಟಿಯಲ್ಲಿ ಈಗ ಹಾಗೇ ಇದೆ: ‘ಬಲ್ಬ್ ಮಡಿಯಲ್ಲಿದೆ. ಗಾಜು ಮುಟ್ಟಬೇಡಿ. ಮೈಲಿಗೆಯಾದರೆ ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಲು ಬಿಡಿ.’

ಆಮೇಲೆ ಡಿಮ್ಮು, ಡಿಪ್ಪು. ಲಾರಿಗಳ ಹಿಂದೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಅಂತ ಓದಿಕೊಂಡು ಬೆಳೆದವರು ನಾವು. ‘ಡಿಮ್ ಮಾಡು’, ‘ಡಿಪ್ ಹೊಡಿ’ ಎರಡನ್ನೂ ಒಂದೇ ಅರ್ಥಕ್ಕೆ ಬಳಸುತ್ತೇವೆ. ಚೀಟಿಯಲ್ಲಿ ಮೊದಲು ‘ಮಂಕು ಮಾಡಿ’ ಅಂತ ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಎಚ್4 ಬಲ್ಬಿನಲ್ಲಿ ಎರಡು ಎಳೆಗಳಿವೆ, ಒಂದು 60 ವಾಟ್, ಇನ್ನೊಂದು 55. ಬರೀ ಐದು ವಾಟ್ ವ್ಯತ್ಯಾಸ. ಆದ್ದರಿಂದ ಬೆಳಕು ಮಂಕಾಗುವುದಕ್ಕಿಂತ ಕೆಳಗೆ ಇಳಿಯುವುದೇ ಮುಖ್ಯ. 55ರ ಎಳೆಯ ಕೆಳಗೆ ಒಂದು ಪುಟ್ಟ ಬಟ್ಟಲಿನಂಥ ಮರೆ ಇರುತ್ತದೆ. ಮೇಲಕ್ಕೆ ಹೋಗುವ ಬೆಳಕನ್ನು ಅದು ತಡೆಯುತ್ತದೆ. ಹಾಗಾಗಿ ‘ಬೆಳಕು ಏರಿಸಿ’, ‘ಬೆಳಕು ಇಳಿಸಿ’ ಅಂತ ಬರೆದೆ. ಲಾಟೀನಿನ ಕಾಲದಲ್ಲಿ ಅಜ್ಜಿ ‘ಬತ್ತಿ ಇಳಿಸು’ ಅನ್ನುತ್ತಿದ್ದದ್ದು ನೆನಪಾಯಿತು. ಅಲ್ಲಿ ಬತ್ತಿ ಇಳಿದರೆ ಬೆಳಕು ಕಮ್ಮಿ. ಇಲ್ಲಿ ಬೆಳಕೇ ಇಳಿಯುತ್ತದೆ. ಪದ ಅದೇ.

ಈಗ ಅಸಲು ಪ್ರಶ್ನೆಗೆ ಬರುತ್ತೇನೆ.

ಬಲ್ಬ್ ಕೂರಿಸಿದ ಮೇಲೆ ಬೆಳಕು ಎಲ್ಲಿ ಬೀಳುತ್ತದೆ ಅಂತ ನೋಡಿ, ಹೆಡ್‌ಲೈಟಿನ ಹಿಂದಿನ ತಿರುಪು ತಿರುಗಿಸಿ ಸರಿ ಮಾಡಬೇಕಲ್ಲ, ಆ ಕೆಲಸಕ್ಕೆ ಏನನ್ನೋಣ? ಗ್ಯಾರೇಜಿನವರು ‘ಫೋಕಸ್ ಸೆಟ್ಟಿಂಗ್’ ಅನ್ನುತ್ತಾರೆ. ನಿಜ ಹೇಳಬೇಕಂದರೆ ಅಲ್ಲಿ ಫೋಕಸ್ ಬದಲಾಗುವುದೇ ಇಲ್ಲ, ದೀಪ ಬಗ್ಗುವ ಕೋನ ಬದಲಾಗುತ್ತದೆ ಅಷ್ಟೇ. ‘ಸರಿಪಡಿಸು’ ಅಂದರೆ ಏನೋ ಕೆಟ್ಟಿದೆ ಅಂದ ಹಾಗೆ. ‘ಹೊಂದಿಸು’ ಪರವಾಗಿಲ್ಲ, ಆದರೆ ಮದುವೆಗೆ ದುಡ್ಡನ್ನೂ ಹೊಂದಿಸುತ್ತೇವೆ, ಗಡಿಯಾರವನ್ನೂ ಹೊಂದಿಸುತ್ತೇವೆ. ಅದರಲ್ಲಿ ಮೇಲೆ ಕೆಳಗೆ ಅನ್ನುವ ಸುಳಿವಿಲ್ಲ. ‘ಗುರಿ ಇಡು’ ಅಂದರೆ ಎದುರಿನವನ ಕಣ್ಣಿಗೇ ಇಟ್ಟ ಹಾಗಾಗುತ್ತದೆ. ಅದನ್ನು ಮಾಡುವವರು ನಮ್ಮ ರಸ್ತೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕಲು ಹೊರಟದ್ದು ನೆನಪಿರಬಹುದು. ಅಂದ ಹಾಗೆ ‘ಪ್ರಖರ ಬೆಳಕು’ ಅಂತ ಬರೆಯುವವರಿಗೆ ಒಂದು ಮಾತು. ‘ಕುಕ್ಕು’ ಇರುವಾಗ ಪ್ರಖರ ಯಾಕೆ ಬೇಕು? ಕೋಳಿ ಬಂದು ಕುಕ್ಕಿದ ಹಾಗೇ ಇರುತ್ತದೆ ಅದು.

‘ಮಟ್ಟ ಹಿಡಿಯುವುದು’ ಅಂತ ಯೋಚಿಸಿದೆ. ರಸಮಟ್ಟ ಗೊತ್ತು, ಗದ್ದೆ ಮಟ್ಟ ಮಾಡುವುದು ಗೊತ್ತು. ಆದರೆ ಹೆಡ್‌ಲೈಟ್ ಮಟ್ಟವಾಗಿ ಇರಲೇಬಾರದು. ಮಟ್ಟವಾಗಿದ್ದರೆ ಬೆಳಕು ನೆಟ್ಟಗೆ ಎದುರಿನವರ ಮುಖಕ್ಕೆ ಹೋಗುತ್ತದೆ. ಜೊತೆಗೆ ‘ಮಟ್ಟ ಹಾಕು’ ಬೇರೆ ಪಕ್ಕದಲ್ಲೇ ಕಾದು ಕೂತಿದೆ.

ಹೀಗೆ ಒದ್ದಾಡುತ್ತಿದ್ದಾಗ ಒಂದು ಸಂಜೆ ಸುಮ್ನೆ ನನ್ನ ಕಾರಿನಲ್ಲೇ ಪರೀಕ್ಷೆ ಮಾಡಿದೆ. ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಪ್ಲಾಸ್ಟರ್ ಆದ ಗೋಡೆ, ಮುಂದೆ ಸಮ ನೆಲ. ಟೈರಿನ ಗಾಳಿ ಸರಿ ಇತ್ತು. ಡಿಕ್ಕಿ ಖಾಲಿ, ಓಡಿಸುವವರ ಸೀಟಿನಲ್ಲಿ ಮಗ. ಕಾರನ್ನು ಗೋಡೆಗೆ ತಾಗುವ ಹಾಗೆ ತಂದು, ದೀಪದ ನಡುಮಧ್ಯ ಎಷ್ಟು ಎತ್ತರ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆಮೇಲೆ 10 ಮೀಟರ್ ಹಿಂದಕ್ಕೆ ತೆಗೆಸಿದೆ. ಇಳಿಸಿದ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ನೂರಕ್ಕೆ ಒಂದು. ಕಾರಿನ ಪುಸ್ತಕದಲ್ಲಿ ಬೇರೆ ಲೆಕ್ಕ ಕೊಟ್ಟಿದ್ದರೆ ಅದೇ ಸರಿ. ನನ್ನದು ಗೆರೆಯ ಮೇಲೇ ಕೂತಿತ್ತು. ಇಷ್ಟು ದಿನ ಎಷ್ಟು ಜನ ನನ್ನನ್ನು ಬೈದುಕೊಂಡರೋ.

ಒಳಗೆ ಬಚ್ಚಲಿನ ನೆಲ ಹಾಕುತ್ತಿದ್ದ ಮೇಸ್ತ್ರಿ ಕೈ ಒರೆಸಿಕೊಂಡು ಹೊರಗೆ ಬಂದರು. ಗೋಡೆ ನೋಡಿದರು, ಕಾರು ನೋಡಿದರು. ‘ವಾಟ ಕೊಡ್ತಾ ಇದ್ದೀರಾ ಸಾ?’ ಅಂದರು.

ವಾಟ! ಬಚ್ಚಲಲ್ಲಿ ನೀರು ನಿಲ್ಲದೆ ತೂತಿನ ಕಡೆ ಹೋಗಲಿ ಅಂತ ನೆಲಕ್ಕೆ ಕೊಡುತ್ತಾರಲ್ಲ, ಕಣ್ಣಿಗೆ ಕಂಡೂ ಕಾಣದ ಇಳಿಜಾರು, ಅದು ವಾಟ. ತಾರಸಿಗೂ ಕೊಡುತ್ತಾರೆ. ‘ಎಷ್ಟು ಕೊಡ್ತೀರಿ?’ ಅಂತ ಕೇಳಿದೆ. ‘ಅಡಿಗೆ ಒಂದ್ ನೂಲು ಕೊಟ್ರೂ ಸಾಕು, ನೀರು ಓಡ್ತದೆ’ ಅಂದರು. ನೂಲು ಅಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ಅಡಿಗೆ ಒಂದು ನೂಲು ಅಂದರೆ 96ಕ್ಕೆ ಒಂದು. ಹೆಚ್ಚುಕಮ್ಮಿ ನನ್ನ ಹೆಡ್‌ಲೈಟಿನ ನೂರಕ್ಕೆ ಒಂದೇ! ಮೀಟರ್ ಟೇಪ್ ಇಲ್ಲದವರಿಗೆ ಚೀಟಿಯಲ್ಲಿ ಇದನ್ನೇ ಬರೆಯಬಹುದು: 25 ಅಡಿ ದೂರಕ್ಕೆ 25 ನೂಲು, ಅಂದರೆ ಮೂರು ಇಂಚು ಒಂದು ನೂಲು.

ಒಂದು ತಕರಾರು ನನಗೇ ಹೊಳೆದಿದೆ. ವಾಟ ಹರಿಯುವ ನೀರಿಗೆ ಸೇರಿದ್ದು, ಬೆಳಕಿಗೆ ಹೇಗೆ ಅಂತ ನೀವು ಕೇಳಬಹುದು. ಆದರೆ ಕನ್ನಡದಲ್ಲಿ ಬೆಳಕೂ ಹರಿಯುತ್ತದಲ್ಲ. ‘ಬೆಳಕು ಹರಿಯೋ ಹೊತ್ತಿಗೆ ಎದ್ದು ಹೊರಟೆ’ ಅನ್ನುತ್ತೇವೆ. ಹರಿಯುವ ಬೆಳಕಿಗೆ ವಾಟ ಕೊಟ್ಟರೆ ತಪ್ಪೇನು? ‘ಹೆಡ್‌ಲೈಟಿನ ವಾಟ ನೋಡಿ’, ‘ಬಲದೀಪಕ್ಕೆ ವಾಟ ಸಾಲದು’, ‘ವಾಟ ಜಾಸ್ತಿಯಾದರೆ ಮುಂದಿನ ಹಳ್ಳ ಕಾಣುವುದಿಲ್ಲ’. ನಾಲಿಗೆಯ ಮೇಲೆ ಆಡಿಸಿ ನೋಡಿದೆ. ಎಲ್ಲೂ ತಡೆಯಲಿಲ್ಲ.

ವಾಟ ಅನ್ನುವುದು ನಿಮ್ಮ ಕಡೆ ಇದೆಯೇ? ಮೈಸೂರಿನ ನೆಂಟರಿಗೆ ಗೊತ್ತು. ಕರಾವಳಿ, ಮಲೆನಾಡು, ಧಾರವಾಡ, ಕಲಬುರಗಿ ಕಡೆಯ ಗಾರೆಯವರು ಇದಕ್ಕೆ ಏನಂತಾರೆ? ನೀರಿನ ‘ಓಟ’ವೇ ‘ವಾಟ’ ಆಗಿರಬಹುದು ಅಂತ ನನ್ನ ಊಹೆ, ಬಲ್ಲವರು ತಿದ್ದಿ. ನೆಲದ ಪದವನ್ನು ದೀಪಕ್ಕೆ ತಂದರೆ ಓದುವವರು ಗಕ್ಕನೆ ನಿಲ್ಲುತ್ತಾರೆಯೇ ಅನ್ನುವುದು ನನಗೆ ಮುಖ್ಯ.

ಇನ್ನೊಂದು ಚಿಕ್ಕದು. ನಮ್ಮ ದೇಶದ ಕಾರುಗಳಲ್ಲಿ ಇಳಿಸಿದ ಬೆಳಕಿನ ಮೇಲಂಚು ಬಲಕ್ಕೆ ಮಟ್ಟವಾಗಿದ್ದು ಎಡಕ್ಕೆ ಓರೆಯಾಗಿ ಮೇಲೇರುತ್ತದೆ. ನಾವು ಎಡಗಡೆ ಓಡಿಸುವವರು, ರಸ್ತೆ ಬದಿಯಲ್ಲಿ ನಡೆಯುವವರು ಕಾಣಲಿ ಅಂತ. ಬೆಳಕಿನ ಕೊನೆಗೆ ಸೀರೆಯ ‘ಅಂಚು’ ಸಾಕು. ಆ ಎಡಗಡೆಯ ಏರಿಗೆ ಒಂದು ಪದ ಬೇಕು. ನನಗೆ ಹೊಳೆದಿಲ್ಲ.

ಹಿಂದೆ ಭಾರ ಬಿದ್ದಾಗ ಕಾರು ಮುಂದೆ ಎದ್ದು ಬೆಳಕು ಮೇಲಕ್ಕೆ ಹೋಗುವುದಕ್ಕೆ ಮಾತ್ರ ಯಾರನ್ನೂ ಕೇಳಬೇಕಾಗಲಿಲ್ಲ. ಎತ್ತಿನಗಾಡಿ ಕಂಡವರಿಗೆ ‘ಮೂಕಿ ಎತ್ತಿತು’ ಅಂದರೆ ಸಾಕು. ಸ್ಟೇರಿಂಗ್ ಪಕ್ಕದ 0, 1, 2, 3ರ ಗಾಲಿ ಇರುವುದು ಅದಕ್ಕೇ. ಭಾವಮೈದ ಸದಾ 3ಕ್ಕೆ ಇಟ್ಟುಕೊಂಡಿದ್ದ. ‘ಜಾಸ್ತಿ ಇಟ್ಟರೆ ಜಾಸ್ತಿ ಬೆಳಕು ಅಂತ ಭಾವ’ ಅಂದ. ಅಲ್ಲಿ ಅಂಕಿ ಏರಿದಂತೆ ಬೆಳಕು ಇಳಿಯುತ್ತದೆ. ಗೋಡೆಯ ಮುಂದೆ ನಿಲ್ಲಿಸುವಾಗ ಅದು 0ಯಲ್ಲಿರಬೇಕು.

ಅವನು ಬಲ್ಬ್ ಕೂರಿಸಿಯಾಯಿತು. ಮೂರು ಸಲ ಕೈ ತೊಳೆದುಕೊಂಡನಂತೆ. ಭಾನುವಾರ ಸಂಜೆ ಅವರೂರಿನ ಒಂದು ಗೋಡೌನಿನ ಗೋಡೆಯ ಮುಂದೆ ಕಾರು ನಿಲ್ಲಿಸುತ್ತಾನೆ. ಚೀಟಿಯಲ್ಲಿ ಸದ್ಯಕ್ಕೆ ‘ವಾಟ’ ಅಂತಲೇ ಇದೆ, ಪೆನ್ಸಿಲಿನಲ್ಲಿ. ಶನಿವಾರದೊಳಗೆ ಯಾರಾದರೂ ಬರೆದರೆ ಉಪಕಾರ.