ಪುಟ್ಟಿ ಬೆನ್ನಿನ ವಿಷ್ಯ

ಅಕ್ಕ, ಇಷ್ಟನ್ನೆಲ್ಲ ಟೈಪ್ ಮಾಡೋಕಾಗಲ್ಲ, ಅದಕ್ಕೇ ವಾಯ್ಸ್ ಹಾಕ್ತಿದೀನಿ. ಪುಟ್ಟಿ ಬೆನ್ನು ಸೊಟ್ಟ ಕಾಣ್ತಿದೆ ಅಂತ ನೀವು ಗ್ರೂಪಲ್ಲಿ ಹಾಕಿದ್ದಕ್ಕೆ ದೊಡ್ಡಮ್ಮ ಎಣ್ಣೆ ಹಚ್ಚಿ ತಿಕ್ಕಿ ಅಂದ್ರು, ಇನ್ನೊಬ್ರು ಸ್ಕೂಲ್ ಬ್ಯಾಗಿಂದ ಅಂದ್ರು, ಭಾವ ಕಾಫಿ ಕುಯ್ಲು ಮುಗೀಲಿ ನೋಡೋಣ ಅಂದ್ರು. ಕಾಯ್ಬೇಡಿ ಅಕ್ಕ, ಕೈ ಮುಗಿದು ಹೇಳ್ತೀನಿ.

ನಮ್ಮ ಮಗಳದ್ದು ನಂಗೆ ಕಂಡಿದ್ದು ಕಣದಲ್ಲಿ. ಕಾಫಿ ಹರವಿದ್ವಿ, ಅವಳು ಬಗ್ಗಿ ಕಡ್ಡಿ ಆರಿಸ್ತಿದ್ಲು, ಹಿಂದಿಂದ ನೋಡಿದ್ರೆ ಬಲಗಡೆ ಬೆನ್ನು ಬಟ್ಟಲು ಬೋರಲು ಹಾಕಿದ ಹಾಗೆ ಉಬ್ಬಿತ್ತು, ಎದ್ದು ನಿಂತ್ರೆ ಏನೂ ಇಲ್ಲ. ಅದಕ್ಕೂ ಮುಂಚೆ ಯೂನಿಫಾರ್ಮ್ ಲಂಗ ಒಂದು ಕಡೆ ಮೇಲೆ ಹೋಗ್ತಿತ್ತು, ಟೈಲರ್ ತಪ್ಪು ಅಂದ್ಕೊಂಡಿದ್ವಿ. ತೋರಿಸಿದ ಕಡೆ ನೆಟ್ಟಗೆ ಕೂರೋಕೆ ಹೇಳಿ ಸಾಕು ಅಂದ್ರು, ಅದನ್ನ ನಂಬಿ ಒಂದೂವರೆ ವರ್ಷ ಕಳೆದುಬಿಟ್ವಿ, ಮೈಸೂರಲ್ಲಿ ಎಕ್ಸ್‌ರೇ ತೆಗೆಸಿದಾಗ ಸ್ಕೋಲಿಯೋಸಿಸ್, ಅಂದ್ರೆ ಬೆನ್ನುಮೂಳೆ ಪಕ್ಕಕ್ಕೆ ಬಾಗೋದು, ಅದೂ 52 ಡಿಗ್ರಿ ಬಾಗಿತ್ತು. ಆ ಒಂದೂವರೆ ವರ್ಷ ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತೆ.

ಡಿಗ್ರಿ ಎಷ್ಟು ಅನ್ನೋದರ ಮೇಲೇ ಎಲ್ಲಾ ನಿಂತಿರೋದು. ಎಕ್ಸ್‌ರೇಲಿ ಬೆನ್ನುಮೂಳೆ ಎಷ್ಟು ಬಾಗಿದೆ ಅಂತ ಅಳೆಯೋದಕ್ಕೆ ಕಾಬ್ ಆಂಗಲ್ ಅಂತಾರೆ, 1948ರಲ್ಲಿ ಕಾಬ್ ಅನ್ನೋ ಅಮೆರಿಕದ ಡಾಕ್ಟರ್ ಹಾಕಿಕೊಟ್ಟ ಅಳತೆ. 10 ಡಿಗ್ರಿ ಇಲ್ಲ ಅದಕ್ಕಿಂತ ಜಾಸ್ತಿ ಇದ್ರೆ ಸ್ಕೋಲಿಯೋಸಿಸ್, 25ರಿಂದ 40ರೊಳಗೆ ಇದ್ದು ಮಗು ಇನ್ನೂ ಬೆಳೀತಿದ್ರೆ ಬ್ರೇಸ್, ಅಂದ್ರೆ ಬೆನ್ನು ಇನ್ನೂ ಬಾಗದ ಹಾಗೆ ಮೈಗೆ ಕಟ್ಟೋ ಗಟ್ಟಿ ಪಟ್ಟಿ, ಹಾಕ್ತಾರೆ, 50ರ ಹತ್ರ ಹೋದ್ರೆ ಆಪರೇಷನ್ ಮಾತು, ಯಾಕಂದ್ರೆ ಅಷ್ಟಾದ್ಮೇಲೆ ಬೆಳವಣಿಗೆ ನಿಂತ್ರೂ ಬಾಗೋದು ನಿಲ್ಲದೇ ಇರಬಹುದು. 2013ರಲ್ಲಿ ಬಂದ ಒಂದು ದೊಡ್ಡ ಸ್ಟಡಿಲಿ ದಿನಕ್ಕೆ 13 ಗಂಟೆ ಮೇಲೆ ಬ್ರೇಸ್ ಹಾಕಿದ ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನಕ್ಕೆ 50 ಡಿಗ್ರಿವರೆಗೆ ಹೋಗಲೇ ಇಲ್ಲ. ನಮಗೆ ಆ ಅವಕಾಶ ತಪ್ಪಿಹೋಯ್ತು, ಪುಟ್ಟಿಗೆ 12 ವರ್ಷ, ಇನ್ನೂ ಇರಬಹುದು.

ದೊಡ್ಡಮ್ಮ, ಬೇಜಾರು ಮಾಡ್ಕೋಬೇಡಿ, ಇದು ಬರೀ ಬಾಗೋದಲ್ಲ, ಮೂಳೆ ತಿರುಚಿಕೊಳ್ಳುತ್ತೆ, ಜೊತೆಗೆ ಪಕ್ಕೆಲುಬೂ ತಿರುಗುತ್ತೆ, ಆ ಉಬ್ಬು ಅದೇ, ತಿಕ್ಕಿದ್ರೆ ಹೋಗಲ್ಲ. ಬ್ಯಾಗಿಂದ ಬರೋದೂ ಅಲ್ಲ, ಇಂಥದ್ದೇ ಕಾರಣ ಅಂತ ಹೆಚ್ಚಿನ ಮಕ್ಕಳಲ್ಲಿ ಸಿಗೋದೇ ಇಲ್ಲ.

ಆಪರೇಷನ್ ಅಂದ್ರೆ ಕಾಲು ಹೋಗುತ್ತೆ ಅಂತ ನಾವೂ ಹೆದರಿದ್ವಿ. ರಿಸ್ಕ್ ಇಲ್ಲ ಅಂತ ಹೇಳಲ್ಲ, ಆದ್ರೆ ಆಪರೇಷನ್ ನಡೀತಿರೋವಾಗ್ಲೇ ನರದ ಸಿಗ್ನಲ್ ಮಿಷಿನಲ್ಲಿ ನೋಡ್ತಾ ಇರ್ತಾರೆ. ಹ್ಯಾರಿಂಗ್ಟನ್ ಅನ್ನೋ ಡಾಕ್ಟರ್ ಹ್ಯೂಸ್ಟನ್‌ನಲ್ಲಿ ಪೋಲಿಯೋ ಮಕ್ಕಳಿಗೆ ಬೆನ್ನು ನೆಟ್ಟಗೆ ಮಾಡೋಕೆ ಮೊದಲು ಲೋಹದ ರಾಡ್ ಹಾಕಿದ ಕಾಲದಲ್ಲಿ ಪ್ಲಾಸ್ಟರ್ ಸುತ್ತಿಕೊಂಡು ತಿಂಗಳುಗಟ್ಟಲೆ ಇರ್ಬೇಕಿತ್ತಂತೆ, ಈಗ ಒಂದೊಂದು ಮೂಳೆಗೂ ಸ್ಕ್ರೂ ಹಾಕಿ ಎರಡು ರಾಡ್ ಕೂರಿಸ್ತಾರೆ, ನಮ್ಮವಳು ಆಪರೇಷನ್ ಆದ ಎರಡನೇ ದಿನ ನನ್ನ ಭುಜ ಹಿಡ್ಕೊಂಡು ಎದ್ದು ನಿಂತ್ಲು.

ಇವತ್ತು ಸ್ನಾನ ಆದ್ಮೇಲೆ ಪುಟ್ಟಿನ ಕಾಲು ಜೋಡಿಸಿ ನಿಲ್ಸಿ, ಕೈ ಜೋಡಿಸಿ ಮುಂದೆ ಬಗ್ಗೋಕೆ ಹೇಳಿ, ಬೆನ್ನು ಒಂದು ಕಡೆ ಉಬ್ಬಿದ್ಯಾ ಅಂತ ಹಿಂದಿಂದ ನೋಡಿ. ಫೋಟೋ ಗ್ರೂಪಿಗೆ ಹಾಕ್ಬೇಡಿ, ಆ ವಯಸ್ಸಲ್ಲಿ ಅವಕ್ಕೆ ತುಂಬಾ ನಾಚಿಕೆ. ಎಕ್ಸ್‌ರೇ ನಿಲ್ಲಿಸಿ ತೆಗೆಸಿ, ಪೂರ್ತಿ ಬೆನ್ನಿಂದು. ಮಂಗಳೂರೋ ಮೈಸೂರೋ ನೀವು ಹೇಳಿ, ಮಡಿಕೇರಿ ಬಸ್ ಸ್ಟ್ಯಾಂಡಲ್ಲಿ ಬೆಳಿಗ್ಗೆ ನಾನಿರ್ತೀನಿ.